ದೇವರ ಕೋಣೆಯ ಹೊಸ್ತಿಲಲ್ಲಿ ನಿಂತ ಸುಬೇದಾರರು

ವೈರಿಯ ಮೇಲೆ ಬೀಳುವ ಮುಂಚೆ ಸ್ನಾನ ಮಾಡಿ ಬರಬೇಕಾದ ಸೈನಿಕನನ್ನು ನೀವು ಎಲ್ಲಾದರೂ ಕಂಡಿದ್ದೀರಾ? ನಾನು ಕಂಡೆ. ಮೊನ್ನೆ ಭಾನುವಾರ, ಪುಣೆಯ ಸದಾಶಿವ ಪೇಠದ ನಮ್ಮ ಮನೆಯಲ್ಲೇ.

ವೈರಿ ಅಂದರೆ ಒಂದು ಇಲಿ. (ಸಣ್ಣದಲ್ಲ. ಅದರ ಬಾಲ ಕಂಡಾಗಲೆಲ್ಲ ನನಗೆ ಮಗಳ ಜಡೆ ನೆನಪಾಗುತ್ತದೆ.) ಈಚೆಗೆ ಟೀವಿ ಹಚ್ಚಿದರೆ ಸಾಕು, ಗುಡ್ಡ, ಗುಹೆ, ವಿಮಾನ. ಒಬ್ಬ ಉಗ್ರರ ನಾಯಕನ ಹಿಂದೆ ದೊಡ್ಡ ಸೈನ್ಯ. ನಮ್ಮಲ್ಲಿ ಟೀವಿ ಆರಿಸಿದರೂ ಅದೇ ಕಾರ್ಯಕ್ರಮ.

ಇಲಿ ಅವಲಕ್ಕಿ ಡಬ್ಬಿಯ ಮುಚ್ಚಳ ತಿಂದಿತು, ನನ್ನ ಚಪ್ಪಲಿ ತಿಂದಿತು. ಸಹಿಸಿಕೊಂಡೆ. ಆದರೆ ಬರುವ ವಾರ ನಾದಿನಿಯ ಮದುವೆ. ಅವಳ ಧಾರೆ ಸೀರೆಯನ್ನು ಅತ್ತೆ ದೇವರ ಮುಂದೆ ಬುಟ್ಟಿಯಲ್ಲಿ ಇಟ್ಟಿದ್ದಾರೆ.

ಅದೃಷ್ಟಕ್ಕೆ ಮದುವೆಗೆಂದು ಬೆಳಗಾವಿಯಿಂದ ನನ್ನ ಗಂಡನ ಕಾಕಾ ಬಂದಿದ್ದರು. ಸೈನ್ಯದಲ್ಲಿ ಸುಬೇದಾರರಾಗಿ ನಿವೃತ್ತರಾದವರು. ಚಹಾ ಕುಡಿಯುವಾಗಲೂ ಬೆನ್ನು ನೆಟ್ಟಗೆ.

"ಅದನ್ನ ನನಗ ಬಿಡವಾ," ಅಂದರು. ಪೊರಕೆ ಹಿಡಿದು ಅಡುಗೆಮನೆ, ಪಡಸಾಲೆ, ಮಂಚದ ಕೆಳಗೆಲ್ಲ ಅಟ್ಟಿಸಿಕೊಂಡು ಹೋದರು. ಇಲಿ ಸೀದಾ ದೇವರ ಕೋಣೆಗೆ ನುಗ್ಗಿ ಸೀರೆಯ ಬುಟ್ಟಿಯ ಹಿಂದೆ ಕುಳಿತಿತು. ಕಿಟಕಿ ಇಲ್ಲ, ಇರುವುದೊಂದೇ ಬಾಗಿಲು. ಕಾಕಾ ಹೊಸ್ತಿಲಲ್ಲಿ ನಿಂತರು.

ನಿಂತೇಬಿಟ್ಟರು. ಯಾಕೆಂದರೆ ಒಳಗೆ ನನ್ನ ಅತ್ತೆ, ಅಂದರೆ ಕಾಕಾನ ಅತ್ತಿಗೆ, ಮಡಿಯಲ್ಲಿ ಜಪಕ್ಕೆ ಕುಳಿತಿದ್ದರು. ಕಾಕಾನ ಸ್ನಾನ ಆಗಿರಲಿಲ್ಲ.

"ವೈನೀ, ಆರ್ಡರ್ ಕೊಡ್ರಿ. ಎರಡ ಹೆಜ್ಜಿ ಅಷ್ಟ. ಟಾರ್ಗೆಟ್ ಕಾಣಸ್ಲಿಕ್ಕತ್ತದ."

ಜಪದಲ್ಲಿ ಮಾತಾಡುವಂತಿಲ್ಲ. ಅತ್ತೆ ಕೈ ಎತ್ತಿದರು: ನಿಲ್ಲು. ಆಮೇಲೆ ಬಚ್ಚಲಿನ ಕಡೆ ಬೆರಳು ತೋರಿಸಿದರು.

"ಅಷ್ಟರಾಗ ಅದು ಸೀರಿ ತಿಂತದ್ರಿ."

ಬೆರಳು ಅಲುಗಲಿಲ್ಲ. ಸೈನ್ಯ ಸ್ನಾನಕ್ಕೆ ಹೋಯಿತು. ಗೀಝರ್ ಕೆಟ್ಟಿತ್ತು, ಪುಣೆಯ ಚಳಿ ಬೇರೆ.

ಕಾವಲಿಗೆ ನಾನು. ಒಳಗೆ ಹೋಗಬಹುದಿತ್ತಲ್ಲ ಅನ್ನುತ್ತೀರಾ? ನಾನೂ ಮಡಿಯಲ್ಲಿರಲಿಲ್ಲ. ಕಾನ್ವೆಂಟಿನಲ್ಲಿ ಸಿಸ್ಟರ್ ಹೂಂ ಅನ್ನದೆ ನೀರು ಕೂಡ ಕುಡಿಯದೆ ಬೆಳೆದವಳು, ಹೊಸ್ತಿಲು ದಾಟಲು ಕಾಲೇ ಬರಲಿಲ್ಲ. ಬುಟ್ಟಿಯ ಕಡೆಯಿಂದ ಕರಕರ ಸದ್ದು. ಜಪಮಾಲೆ ತುಸು ಬೇಗ ಓಡತೊಡಗಿತು.

ಕಾಕಾ ಒದ್ದೆ ಪಂಚೆಯಲ್ಲಿ ನಡುಗುತ್ತ ಬಂದರು. ಅಷ್ಟರಲ್ಲಿ ಜಪ ಮುಗಿದಿತ್ತು. ಆದೇಶಕ್ಕೆ ತಿದ್ದುಪಡಿ ಬಂತು.

"ಪೊರಕಿ ಒಳಗ ತರಬ್ಯಾಡ. ಕೊಲ್ಲಲೂಬ್ಯಾಡ. ಮದವಿ ಮನ್ಯಾಗ ಜೀವ ತಗದ್ರು ಅಂತ ಬೀಗರು ಆಡಕೋತಾರ. ಹಿಡದು ಹೊರಗ ಬಿಡು."

"ಯಾತರಿಂದ ಹಿಡೀಲ್ರಿ?"

ಅತ್ತೆ ಜಾಗಟೆಯ ಕೋಲು ಕೊಟ್ಟರು.

ಪರಿಸ್ಥಿತಿ ಮೊದಲು ಅರ್ಥವಾದದ್ದು ಇಲಿಗೆ. ಕಾಕಾನ ಒದ್ದೆ ಕಾಲುಗಳ ನಡುವಿನಿಂದ, ಓಡದೆ, ಗಡಿಬಿಡಿಯಿಲ್ಲದೆ ಹೊರಗೆ ನಡೆದುಹೋಯಿತು.

ಧಾರೆ ಸೀರೆಯ ಸೆರಗಿನಲ್ಲಿ ಒಂದು ಸಣ್ಣ ಕಿಟಕಿ ಬಿದ್ದಿತ್ತು. ನಾದಿನಿ ಅತ್ತಳು. ಈಗ ಅದರ ಮೇಲೆ ನಾನು ನವಿಲಿನ ಕಸೂತಿ ಹಾಕುತ್ತಿದ್ದೇನೆ. (ಸಿಸ್ಟರ್ ಕಲಿಸಿದ ಸೂಜಿ ಕೆಲಸ ಕೊನೆಗೂ ದೇಶಸೇವೆಗೆ ಬಂತು.)

ಸಂಜೆ ಬಂದ ನೆಂಟರ ಮುಂದೆ ಅತ್ತೆ ಹೇಳಿದರು, "ಇಷ್ಟ ವರ್ಷ ಮಿಲಿಟ್ರ್ಯಾಗಿದ್ದು ಏನ ಬಂತ್ರಿ? ಒಂದು ಇಲಿ ಹಿಡೀಲಿಕ್ಕಾಗಲಿಲ್ಲ ಇವಂಗ."

ಕಾಕಾ ಬೆನ್ನು ನೆಟ್ಟಗೆ ಮಾಡಿಕೊಂಡು ಸೀನಿದರು.

ಅದೇ ಹೊತ್ತಿಗೆ ಟೀವಿಯಲ್ಲಿ ಕೋಟು ತೊಟ್ಟ ಯಾರೋ ಒಬ್ಬರು, ಕೈಗೆ ಸಿಕ್ಕಂತಿದ್ದ ಆ ನಾಯಕ ಗುಹೆಯಿಂದ ತಪ್ಪಿಸಿಕೊಂಡದ್ದು ಹೇಗೆ, ಸೈನಿಕರು ಎಡವಿದ್ದು ಎಲ್ಲಿ ಎಂದು ನಕ್ಷೆ ಹಿಡಿದು ವಿವರಿಸುತ್ತಿದ್ದರು.

ಅಲ್ಲಿ ಬಚ್ಚಲಿನ ಕಡೆ ಬೆರಳು ತೋರಿಸಿದವರು ಯಾರು ಎಂಬುದನ್ನು ಮಾತ್ರ ಅವರು ಹೇಳಲಿಲ್ಲ.