ಕಾಲು ಇಂಚು ಬಿಗಿ

ನಮ್ಮಣ್ಣನನ್ನು ಬೀದಿಯವರೆಲ್ಲ ಅರ್ಧದೊರೆ ಎಂದು ಕರೆಯುತ್ತಿದ್ದರು. ಎದುರಿಗೇ ಕರೆಯುತ್ತಿದ್ದರು. ಅವನು ನಗುತ್ತಿದ್ದ, ಮೈ ಉರಿಯುತ್ತಿದ್ದುದು ನನಗೆ. ದೊರೆಯ ಕೋಟು ಹೊಲಿಯುವುದು ನಮ್ಮ ಮನೆತನದ ಕಸುಬು. ಆದರೆ ದೊರೆಯ ಮೈಗೆ ದರ್ಜಿಯ ಟೇಪು ತಾಗಬಾರದು ಎಂಬುದು ಹಳೇ ಕಟ್ಟಳೆ. ಅರಮನೆಯ ಒಳಗೆ ಯಾರೋ ಅಳೆದು, ತಿಂಗಳ ಮೊದಲ ವಾರ ಒಂದು ನೀಲಿ ಕಾರ್ಡಿನಲ್ಲಿ ಅಂಕಿಗಳನ್ನು ಬರೆದು ನಮ್ಮ ಅಂಗಡಿಗೆ ಕಳಿಸುತ್ತಿದ್ದರು. ಆ ಅಂಕಿಗಳಿಗೆ ಸರಿಹೊಂದುವ ಮೈಯೊಂದು ನಮ್ಮಲ್ಲಿ ನಿಂತು ಕೋಟು ಹಾಕಿಸಿಕೊಳ್ಳಬೇಕು. ಹಿಂದಿನ ದೊರೆಗೆ ಅಪ್ಪ ನಿಂತ. ಈ ದೊರೆಗೆ ಅಣ್ಣ ನಿಂತ. ಸೂಜಿಗೆ ದಾರ ಪೋಣಿಸಲೂ ಬಾರದ ಕೈ ಅವನದು, ಹಾಗಾಗಿ ಕತ್ತರಿ ತಂಗಿಯಾದ ನನ್ನ ಪಾಲಿಗೆ ಬಂತು.

ನಿಲ್ಲುವುದೇನು ಮಹಾ ಕೆಲಸ ಎನ್ನಬೇಡಿ. ದೊರೆ ದಪ್ಪಗಾದರೆ ಇವನೂ ದಪ್ಪಗಾಗಬೇಕು, ದೊರೆ ಇಳಿದರೆ ಇವನೂ ಇಳಿಯಬೇಕು. ಕಾರ್ಡು ಬಂದ ದಿನ ಅತ್ತಿಗೆ ಅದನ್ನು ಅಡುಗೆಮನೆಯ ಗೋಡೆಗೆ ಸಿಕ್ಕಿಸಿ, ಅದನ್ನು ನೋಡಿಕೊಂಡೇ ತಟ್ಟೆಗೆ ಬಡಿಸುತ್ತಿದ್ದಳು. ಅವರ ಮದುವೆಯ ಹೊಸತರಲ್ಲಿ ದೊರೆ ಚೆನ್ನಾಗಿ ತಿನ್ನುತ್ತಿದ್ದ ಅಂತ ಕಾಣುತ್ತದೆ. ಅಣ್ಣನಿಗೆ ದಿನಕ್ಕೆ ಆರು ಮೊಟ್ಟೆ, ಎರಡು ಲೀಟರ್ ಹಾಲು. ಬೇಯಿಸಿ ಬೇಯಿಸಿ ಸಾಕಾಗಿ, ನಿಮ್ಮ ದೊರೆಯ ಬಾಯಿ ಕಟ್ಟುವವರು ಯಾರೂ ಇಲ್ಲವೇ ಎಂದು ಅವಳು ನನ್ನನ್ನು ಕೇಳಿದ್ದಳು. ನಾನೇನು ಹೇಳಲಿ? ತಿನ್ನುವವನು ಅಲ್ಲಿ, ಬೊಜ್ಜು ಇಲ್ಲಿ.

ಅಪ್ಪ ನನಗೆ ಕಲಿಸಿದ ಪದ್ಧತಿಯೊಂದಿತ್ತು. ಸೊಂಟದ ಅಳತೆ ಕಾರ್ಡಿನಲ್ಲಿ ಎಷ್ಟಿದೆಯೋ ಅದಕ್ಕಿಂತ ಕಾಲು ಇಂಚು ಕಡಿಮೆ ಇಟ್ಟು ಕತ್ತರಿಸಬೇಕು. ಕೋಟು ತುಸು ಬಿಗಿಯಾಗಿದ್ದರೆ ದೊರೆ ನೆಟ್ಟಗೆ ನಿಲ್ಲುತ್ತಾನೆ. ಕತ್ತರಿಸಿದ ಅಳತೆಯನ್ನು ಒಂದು ಚೀಟಿಯಲ್ಲಿ ಬರೆದು ಕೋಟಿನ ಒಳಜೇಬಿಗೆ ಹಾಕಿ ಕಳಿಸಬೇಕು. ಅಪ್ಪ ಹಾಗೇ ಮಾಡಿದ, ನಾನೂ ಹಾಗೇ ಮಾಡಿದೆ. ಯಾಕೆ ಏನು ಎಂದು ಕೇಳುವ ಮನೆ ನಮ್ಮದಲ್ಲ.

ಒಂದು ವರ್ಷ ಸೊಂಟ ನಲವತ್ತೆರಡು ಇದ್ದದ್ದು ಇಳಿಯತೊಡಗಿತು. ನಲವತ್ತೊಂದೂಮುಕ್ಕಾಲು, ನಲವತ್ತೊಂದೂವರೆ, ನಲವತ್ತೊಂದೂಕಾಲು. ಮೊದಮೊದಲು ನಮಗೆ ಖುಷಿಯೇ ಆಯಿತು, ಅಣ್ಣ ಮೆಟ್ಟಿಲು ಹತ್ತುವಾಗ ಏದುಸಿರು ಬಿಡುವುದು ನಿಂತಿತು. ಆದರೆ ಅಳತೆ ಇಳಿಯುವುದು ನಿಲ್ಲಲಿಲ್ಲ. ಎರಡನೆಯ ವರ್ಷ ಅವನ ಕೆನ್ನೆ ಒಳಗೆ ಹೋಯಿತು. ಮೂರನೆಯ ವರ್ಷ ಕಾರ್ಡಿನಲ್ಲಿ ಮೂವತ್ಮೂರು ಎಂದು ಬಂದಾಗ ಅವನು ದಿನಕ್ಕೆ ಎರಡು ಬ್ರೆಡ್ಡು, ಒಂದು ಲೋಟ ಹಾಲಿನಲ್ಲಿ ಇದ್ದ. ಟೇಪು ಸುತ್ತುವಾಗ ಅವನ ಪಕ್ಕೆಲುಬು ನನ್ನ ಬೆರಳಿಗೆ ಒಂದೊಂದಾಗಿ ಸಿಗುತ್ತಿತ್ತು. ಸಾಕು ಮಾಡೋ ಮಾರಾಯ ಎಂದು ಎಷ್ಟು ಸಲ ಬೈದೆನೋ. ದೊರೆಗೆ ಹುಷಾರಿಲ್ಲ, ಇಂಥ ಹೊತ್ತಲ್ಲಿ ಕೈಬಿಟ್ಟರೆ ಹೇಗೆ ಎನ್ನುತ್ತಿದ್ದ. ಅವರ ಮೈಯ ಸಂಕಟದಲ್ಲಿ ಅರ್ಧ ತನ್ನ ಮೈಗೆ ಬರುತ್ತಿದೆ, ಅಷ್ಟಾದರೂ ಅವರಿಗೆ ಹಗುರ ಎಂದು ಅವನ ನಂಬಿಕೆ. ಹುಚ್ಚು ಮುಂಡೇದು, ಒಳ್ಳೆಯವನು.

ಒಂದು ಮಧ್ಯಾಹ್ನ ಕೋಟಿನ ತೋಳು ಸರಿಪಡಿಸುತ್ತಿದ್ದಾಗ ಅವನು ಹಾಗೇ ಕುಸಿದ. ಬಾಯಲ್ಲಿ ಕಚ್ಚಿಕೊಂಡಿದ್ದ ಗುಂಡುಪಿನ್ನುಗಳನ್ನು ಉಗಿದು ಹಿಡಿದುಕೊಂಡೆ. ಒಂದು ಕಾಲದ ದೊಡ್ಡ ಮೈಯ ಅಣ್ಣ ನನ್ನ ಒಂದೇ ತೋಳಿನಲ್ಲಿ ಹಿಡಿಸಿಬಿಟ್ಟ. ಡಾಕ್ಟರು ನೋಡಿ, ಇನ್ನೊಂದು ಇಂಚು ಇಳಿದರೆ ಮನುಷ್ಯ ಉಳಿಯುವುದಿಲ್ಲ ಎಂದು ಮುಖಕ್ಕೇ ಹೇಳಿದರು. ಅಂದರೆ ನಾಲ್ಕು ಕೋಟು. ಮಾರನೆಯ ದಿನ ಹೊಲಿದ ಕೋಟನ್ನು ನಾನೇ ಹೆಗಲಿಗೆ ಹಾಕಿಕೊಂಡು ಅರಮನೆಯ ಉಡುಪು ಕಚೇರಿಗೆ ಹೋದೆ, ಇವನನ್ನು ಬಿಟ್ಟುಬಿಡಿ ಎಂದು ಕೇಳಲು.

ಉಡುಪು ಕಚೇರಿಯ ಗುಮಾಸ್ತರು ಮೆತ್ತಗಿನ ಮನುಷ್ಯ, ಕನ್ನಡಕಕ್ಕೆ ಒಂದು ಕಡೆ ದಾರ ಕಟ್ಟಿಕೊಂಡಿದ್ದರು. ಕೋಟು ಇಡಲು ಒಳಕೋಣೆಯ ಬಾಗಿಲು ತೆಗೆದರು. ಉದ್ದದ ಕೋಣೆ, ಕಿಟಕಿಯಿಲ್ಲ, ಒಂದೇ ಬಲ್ಬು. ಎಡಗೋಡೆಯ ಉದ್ದಕ್ಕೂ ಒಂದು ಕೊಳವೆ, ಅದಕ್ಕೆ ನೇತುಹಾಕಿದ ನನ್ನ ಕೋಟುಗಳು. ಎಣಿಸಿದೆ. ಮೂವತ್ತೈದು. ಬಾಗಿಲ ಹತ್ತಿರದ್ದು ದಪ್ಪ, ಮುಂದಿನದು ಅದಕ್ಕಿಂತ ತುಸು ಸಣ್ಣ, ಮುಂದಿನದು ಇನ್ನೂ ಸಣ್ಣ. ಒಬ್ಬನೇ ಮನುಷ್ಯ ಆ ಕೋಣೆಯ ಆಚೆ ತುದಿಯ ಕಡೆಗೆ ನಡೆಯುತ್ತಾ ಕರಗಿಹೋಗುತ್ತಿದ್ದಂತೆ ಕಂಡಿತು. ಒಂದು ಕೋಟಿನ ಹಿಂಭಾಗ ಮುಟ್ಟಿ ನೋಡಿದೆ. ಸೀಳು ಬಿಚ್ಚಿಕೊಳ್ಳದಂತೆ ನಾನು ಹಾಕಿದ್ದ ಬಿಳಿ ದಾರದ ಕಚ್ಚಾ ಹೊಲಿಗೆ ಹಾಗೇ ಇತ್ತು. ಹೊಸ ಕೋಟನ್ನು ಮೊದಲ ಸಲ ಮೈಗೆ ಹಾಕುವ ಮುಂಚೆ ಅದನ್ನು ಕತ್ತರಿಸಲೇಬೇಕು. ಇನ್ನೊಂದನ್ನು ನೋಡಿದೆ, ಮತ್ತೊಂದನ್ನು ನೋಡಿದೆ. ಮೂರು ಬಿಟ್ಟು ಯಾವುದರ ದಾರವನ್ನೂ ಕತ್ತರಿಸಿರಲಿಲ್ಲ.

ಗುಮಾಸ್ತರನ್ನು ಕೇಳಿದೆ. ಅವರು ಸುಳ್ಳು ಹೇಳಲಿಲ್ಲ, ಅದೇ ನನಗೆ ಹೆಚ್ಚು ಹೆದರಿಕೆ ತರಿಸಿದ್ದು.

"ಮೂರು ವರ್ಷದಿಂದ ಒಳಗಿನಿಂದ ಅಳತೆ ಬಂದಿಲ್ಲಮ್ಮ. ಬರದೇ ಇದ್ರೆ ಹಿಂದಿನ ಕೋಟಿನ ಚೀಟಿ ನೋಡಿ ಕಾರ್ಡು ಬರೀಬೇಕು ಅಂತ ನಿಯಮ ಇದೆ. ನಾನು ನಿಯಮದ ಪ್ರಕಾರ ಬರ್ದೆ."

"ಯಾಕೆ ಬಂದಿಲ್ಲ ಅಂತ ಕೇಳ್ಲಿಲ್ವಾ?"

"ಕೇಳೋದು ನನ್ನ ಕೆಲಸ ಅಲ್ಲ."

ಹಿಂದಿನ ಕೋಟಿನ ಚೀಟಿ ಎಂದರೆ ನನ್ನ ಚೀಟಿ. ಕಾಲು ಇಂಚು ಬಿಗಿ ಹಿಡಿದ ನನ್ನದೇ ಅಂಕಿ. ನಾನು ಬರೆದದ್ದನ್ನು ಇವರು ನೀಲಿ ಕಾರ್ಡಿಗೆ ಇಳಿಸಿ ನನಗೇ ಕಳಿಸುತ್ತಿದ್ದರು. ಅದನ್ನು ನೋಡಿ ಅಣ್ಣ ಒಂದು ತುತ್ತು ಬಿಡುತ್ತಿದ್ದ. ನಾನು ಅದರಿಂದ ಮತ್ತೆ ಕಾಲು ಇಂಚು ಕಳೆಯುತ್ತಿದ್ದೆ. ಕಳಿಸಿದ ಚೀಟಿಯನ್ನು ಅಲ್ಲೇ ಮರೆಯುವ ಚಾಳಿ ನನ್ನದು, ಮೂರು ವರ್ಷ ನನ್ನ ಅಂಕಿಯನ್ನು ನಾನೇ ಗುರುತಿಸಲಿಲ್ಲ. ನಡುವೆ ದೊರೆಯೇ ಇರಲಿಲ್ಲ. ನನ್ನಣ್ಣನನ್ನು ಸವೆಸಿದವಳು ನಾನು.

ದಾರ ಕತ್ತರಿಸಿದ ಆ ಮೂರು ಕೋಟುಗಳು ಯಾರ ಮೈಮೇಲೆ ಇದ್ದವು ಎಂದು ಕೇಳಿದೆ. ವರ್ಷಕ್ಕೊಂದು ದಿನ ದೊರೆ ಉಪ್ಪರಿಗೆಯ ಗಾಜಿನ ಹಿಂದೆ ನಿಂತು ಜನಕ್ಕೆ ದರ್ಶನ ಕೊಡುವುದುಂಟು.

"ಮರದ ಗೊಂಬೆಗೆ ಹಾಕಿ ನಿಲ್ಲಿಸಿದ್ವಿ. ಕೆಳಗಿಂದ ಜನ ಕೈ ಬೀಸಿದ್ರು. ದೊರೆನೂ ಬೀಸಿದ್ರು ಅಂತ ಎಷ್ಟೋ ಜನ ಹೇಳಿದ್ರು" ಎಂದರು ಗುಮಾಸ್ತರು.

ಮೂರು ವರ್ಷವೂ ನಾನು ಆ ಜನದ ನಡುವೆ ಇದ್ದೆ. ಬೀಸಿದ್ದನ್ನು ನಾನೂ ನೋಡಿದ್ದೆ.

ಮನೆಗೆ ಬರುವಷ್ಟರಲ್ಲಿ ಒಂದು ತೀರ್ಮಾನಕ್ಕೆ ಬಂದಿದ್ದೆ. ಹೇಳಿದರೆ ಅಣ್ಣ ನಂಬುವವನಲ್ಲ, ನಂಬಿದರೂ ಆಮೇಲೆ ಉಳಿಯುವವನಲ್ಲ. ಹಾಗಾಗಿ ಮುಂದಿನ ಕೋಟಿನ ಚೀಟಿಯಲ್ಲಿ ಕಾಲು ಇಂಚು ಕಳೆಯುವ ಬದಲು ಒಂದು ಇಂಚು ಕೂಡಿಸಿ ಬರೆದೆ. ಮುಂದಿನ ತಿಂಗಳು ನೀಲಿ ಕಾರ್ಡಿನಲ್ಲಿ ಆ ಒಂದು ಇಂಚು ತಿರುಗಿ ಬಂತು. ದೊರೆಗೆ ಗುಣವಾಗುತ್ತಿದೆ ಎಂದು ಅಣ್ಣ ಅಡುಗೆಮನೆಯಲ್ಲಿ ನಿಂತು ಅತ್ತುಬಿಟ್ಟ. ಅತ್ತಿಗೆ ಬೆಣ್ಣೆಯ ಡಬ್ಬಿ ತೆಗೆದಳು. ಹೀಗೆ ತಿಂಗಳಿಗೊಂದು ಇಂಚಿನಂತೆ ಏಳು ತಿಂಗಳಲ್ಲಿ ನಾನು ದೊರೆಯನ್ನು ನಲವತ್ತಕ್ಕೆ ತಂದೆ. ದೊರೆಯವರ ಮೈತೂಕ ಸುಧಾರಿಸಿದೆ ಎಂದು ಅರಮನೆಯಿಂದ ಪ್ರಕಟಣೆ ಕೂಡ ಹೊರಟಿತು. ಪತ್ರಿಕೆಯಲ್ಲಿ ಅದನ್ನು ಓದಿ ನನಗೆ ನಗು ಬರಬೇಕಿತ್ತು, ಬರಲಿಲ್ಲ.

ಆ ವರ್ಷವೇ ಮತದಾನದ ಮಾತು ಎದ್ದಿತು. ದೊರೆಗೆ ಮಕ್ಕಳಿಲ್ಲ. ಇನ್ನೂ ಈ ಕಾಲದಲ್ಲಿ ರಕ್ತ ನೋಡಿ ಸಿಂಹಾಸನ ಕೊಡಬೇಕೇ, ದೊರೆತನವೇ ಬೇಕೇ ಬೇಡವೇ, ಜನ ತೀರ್ಮಾನಿಸಲಿ ಎಂದರು. ಎದುರುಮನೆಯ ಮೇಷ್ಟ್ರು ಬೇಡವೆಂದರು, ಮೂಲೆಯ ಕ್ಷೌರದವನು ಬೇಕೇಬೇಕೆಂದ. ಅಣ್ಣನೂ ಬೇಕೆಂದ. ತನಗೂ ಈ ಕೆಲಸ ಅಪ್ಪನಿಂದಲೇ ಬಂದದ್ದಲ್ಲವೇ ಎಂದು ವಾದಿಸಿದ. ನಿನಗೆ ಬಂದದ್ದು ಹಸಿವು ಕಣೋ ಎಂದೆ ನಾನು. ಮೇಷ್ಟ್ರ ಕಡೆಯವರು ಒಂದು ಹಟ ಹಿಡಿದರು: ಮತದಾನದ ಮುಂಚೆ ದೊರೆ ಗಾಜಿನ ಹಿಂದೆ ಅಲ್ಲ, ಹೊರಗೆ ಬಂದು ನಿಲ್ಲಲಿ.

ಎರಡು ದಿನ ಬಿಟ್ಟು ಗುಮಾಸ್ತರು ಕಾರಿನಲ್ಲಿ ನಮ್ಮ ಅಂಗಡಿಗೆ ಬಂದರು. ಈ ಸಲ ಅವರಿಗೆ ಬೇಕಾಗಿದ್ದದ್ದು ಕೋಟಲ್ಲ, ಅಣ್ಣ. ಅರ್ಧ ಗಂಟೆ ಸಾಕು, ಉಪ್ಪರಿಗೆಯ ಅಂಚಿಗೆ ಬಂದು ನಿಂತರೆ ಮುಗಿಯಿತು ಎಂದರು. ಮುಖದ ಗತಿಯೇನು ಎಂದು ಕೇಳಿದೆ. ದೊರೆಯ ಮುಖವನ್ನು ಹತ್ತಿರದಿಂದ ನೋಡಿದವರು ಈಗ ಯಾರಿದ್ದಾರೆ, ಜನ ಕೋಟು ನೋಡುತ್ತಾರೆ ಎಂದರು.

ಆಗ ಹೇಳಲೇಬೇಕಾಯಿತು. ಎಲ್ಲವನ್ನೂ ಹೇಳಿದೆ. ಕೋಣೆ, ಕತ್ತರಿಸದ ದಾರ, ನನ್ನ ಕಾಲು ಇಂಚು. ಅಣ್ಣ ಅಳತೆಗೆ ನಿಲ್ಲುವ ಮಣೆಯ ಮೇಲೆ ನಿಂತೇ ಕೇಳಿಸಿಕೊಂಡ. ಎಡತೋಳಿನ ಅಂಚನ್ನು ಎರಡು ಬೆರಳಲ್ಲಿ ಎಳೆದುಕೊಳ್ಳುತ್ತಿದ್ದ. ಮೊದಲಿಂದಲೂ ಇದ್ದ ಅಭ್ಯಾಸ.

"ಹಾಗಾದ್ರೆ ನಾನು ಯಾರಿಗೋಸ್ಕರ ಹಸ್ಕೊಂಡಿದ್ದೆ?" ಎಂದ.

ಹೋಗಬೇಡ ಎಂದು ಅತ್ತಿಗೆ ಅವನ ಕೈ ಹಿಡಿದುಕೊಂಡಳು. ಅವನು ಅವಳನ್ನೂ ನನ್ನನ್ನೂ ನೋಡಿದ.

"ಇಷ್ಟು ವರ್ಷ ಅವರ ಬದಲು ಇಲ್ಲಿ ನಿಂತೆ. ಒಂದು ಸಲ ಅಲ್ಲಿ ನಿಂತು ಬರ್ತೀನಿ. ಅರ್ಧ ಗಂಟೆ ತಾನೆ."

ಅವತ್ತಿನ ಬಿಸಿಲು ಇನ್ನೂ ಕಣ್ಣಿಗೆ ಕಟ್ಟಿದ ಹಾಗಿದೆ. ಚೌಕದ ತುಂಬ ಜನ. ಬಾಗಿಲು ತೆರೆದು ಅವನು ಹೊರಗೆ ಬಂದ. ನಾನೇ ಹೊಲಿದ ಕೋಟು, ಕಾಲು ಇಂಚು ಬಿಗಿ, ನೆಟ್ಟಗೆ ನಿಂತಿದ್ದ. ಕೈ ಎತ್ತುವ ಮುಂಚೆ ಎಡತೋಳಿನ ಅಂಚನ್ನು ಎಳೆದುಕೊಂಡ. ಪಕ್ಕದಲ್ಲಿದ್ದ ಕ್ಷೌರದವನು, ಬೆಳಿಗ್ಗೆ ನಮ್ಮಣ್ಣನ ಮೀಸೆ ಒಪ್ಪ ಮಾಡಿದವನೇ, ಕಣ್ಣೊರೆಸಿಕೊಂಡು, ನೋಡಿ, ಅಪ್ಪನ ಹಾಗೇ ನಿಲುವು ಎಂದ. ಯಾರ ಅಪ್ಪ ಎಂದು ನಾನು ಕೇಳಲಿಲ್ಲ.

ದೊರೆತನ ಭಾರೀ ಬಹುಮತದಿಂದ ಉಳಿಯಿತು. ಅಣ್ಣ ಮನೆಗೆ ಬರಲಿಲ್ಲ.

ಅರ್ಧ ಗಂಟೆ ಹೋಗಿ ಒಂದು ವಾರವಾಯಿತು. ಅತ್ತಿಗೆ ದಿನಾ ಗೇಟಿನ ಹತ್ತಿರ ಹೋಗಿ ನಿಂತಳು. ಗುಮಾಸ್ತರು, ಅಳತೆಗೆ ನಿಲ್ಲುವವನು ಅವತ್ತೇ ಹಿಂಬಾಗಿಲಿಂದ ಹೊರಟನಲ್ಲ ಎಂದರು, ನನ್ನ ಮುಖ ನೋಡದೆ. ತಿಂಗಳ ಮೊದಲ ವಾರ ನೀಲಿ ಕಾರ್ಡು ಬಂತು. ನನ್ನ ಚೀಟಿಯಲ್ಲಿದ್ದದ್ದು ಮೂವತ್ತೊಂಬತ್ತೂಮುಕ್ಕಾಲು, ಕಾರ್ಡಿನಲ್ಲಿ ನಲವತ್ತೂಕಾಲು ಇತ್ತು. ಕೆಳಗೆ ಒಂದು ಸಾಲು: ಎಡಭುಜ ಬಲಕ್ಕಿಂತ ಅರ್ಧ ಇಂಚು ಕೆಳಗೆ. ಅದು ನಮ್ಮಣ್ಣನ ಭುಜ. ಅದನ್ನು ನಾನು ಯಾವತ್ತೂ ಬರೆದು ಕಳಿಸಿರಲಿಲ್ಲ. ಯಾರೋ ನಿಜವಾದ ಮೈಯನ್ನು ಅಳೆದಿದ್ದರು.

ಅಲ್ಲಿಂದ ಆ ಕಾರ್ಡೇ ನಮಗೆ ಅವನ ಕಾಗದ. ಅಂಗಡಿಯಲ್ಲಿ ಅವನ ಜಾಗಕ್ಕೆ ಹತ್ತಿ ತುಂಬಿದ ಗೊಂಬೆ ತಂದು ನಿಲ್ಲಿಸಿದೆ. ಅರ್ಧ ಇಂಚು ಏರಿದರೆ ಊಟ ಸೇರುತ್ತಿದೆ ಎಂದುಕೊಳ್ಳುತ್ತಿದ್ದೆವು, ಇಳಿದರೆ ಜ್ವರ ಬಂದಿರಬೇಕು ಎಂದುಕೊಳ್ಳುತ್ತಿದ್ದೆವು. ಅತ್ತಿಗೆ ಅದನ್ನು ಗೋಡೆಗೆ ಸಿಕ್ಕಿಸಿ, ಅದರ ಮುಂದೆ ಕೂತು ತಾನೂ ಉಣ್ಣುತ್ತಿದ್ದಳು. ನಾನು ಕಾಲು ಇಂಚು ಕಳೆಯುವುದನ್ನು ಬಿಡಲಿಲ್ಲ, ಬೇಕೆಂದೇ ಬಿಡಲಿಲ್ಲ. ಕಳಿಸಿದ ಪ್ರತಿಯೊಂದು ಅಂಕಿಯನ್ನೂ ಈಗ ಮೇಜಿನ ಹಲಗೆಯ ಅಡಿಯಲ್ಲಿ ಸೀಮೆಸುಣ್ಣದಲ್ಲಿ ಬರೆದಿಡುತ್ತಿದ್ದೆ.

ಹದಿನಾಲ್ಕು ತಿಂಗಳು ಕಾರ್ಡು ಏರಿತು, ಇಳಿಯಿತು, ಒಮ್ಮೆಯೂ ನನ್ನ ಅಂಕಿಯಾಗಲಿಲ್ಲ. ಹದಿನೈದನೆಯ ತಿಂಗಳು ನಾನು ನಲವತ್ತೂಕಾಲು ಎಂದು ಕಳಿಸಿದ್ದೆ. ನಲವತ್ತೂಕಾಲು ಎಂದೇ ಬಂತು. ಆಗಬಹುದು, ಒಂದು ಸಲ ಹೊಂದಿಕೊಂಡಿರಬಹುದು. ನಲವತ್ತು ಎಂದು ಕಳಿಸಿದೆ. ನಲವತ್ತು ಬಂತು. ಮೂವತ್ತೊಂಬತ್ತೂಮುಕ್ಕಾಲು ಎಂದು ಕಳಿಸಿದೆ. ಮೂವತ್ತೊಂಬತ್ತೂಮುಕ್ಕಾಲೇ ಬಂತು. ಭುಜದ ಸಾಲು ಹಾಗೇ ಇತ್ತು, ಅಕ್ಷರಕ್ಕೆ ಅಕ್ಷರ.

ಅತ್ತಿಗೆ ಕಾರ್ಡನ್ನು ಹಿಡಿದು ಕೂತಿದ್ದಳು. ಮೂರು ತಿಂಗಳಿಂದ ಇಳಿಯುತ್ತಲೇ ಇದ್ದಾರಲ್ಲ, ಅಲ್ಲಿ ಯಾರೂ ನೋಡಿಕೊಳ್ಳುತ್ತಿಲ್ಲವೇನೋ ಎಂದಳು. ಅವಳ ತಟ್ಟೆಯಲ್ಲಿ ಊಟ ಹಾಗೇ ಇತ್ತು. ವಾರದಿಂದ ಹಾಗೇ ಇತ್ತು. ಅವಳ ಬಳೆ ಮೊಣಕೈವರೆಗೆ ಜಾರುತ್ತಿದ್ದುದನ್ನು ಆಗ ನೋಡಿದೆ.

ಆ ತಿಂಗಳ ಕೋಟು ಮುಗಿಸಿ, ಚೀಟಿ ತೆಗೆದು, ನಲವತ್ತೊಂದು ಎಂದು ಬರೆದೆ.

ನಲವತ್ತೊಂದೇ ಬಂತು. ಅತ್ತಿಗೆ ಅದನ್ನು ಎರಡು ಸಲ ಓದಿದಳು, ಗೋಡೆಗೆ ಸಿಕ್ಕಿಸಿದಳು, ಬೆಣ್ಣೆಯ ಡಬ್ಬಿ ಕೆಳಗಿಳಿಸಿದಳು.

"ಉಣ್ತಿದ್ದಾರೆ, ಅಲ್ವಾ?" ಎಂದಳು.

"ಉಣ್ತಿದ್ದಾನೆ" ಎಂದೆ. ಅವಳ ತಟ್ಟೆಗೆ ಬಡಿಸಿದೆ.