ಬೂದಿಗುಬ್ಬಿಯ ಕುಲ

ನಾನು ಆದೋನಿಯ ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಹೇಳಿಕೊಡುವವನು. ಪೆದ್ದಹರಿವಾಣದಲ್ಲಿರುವ ಸಣ್ಣವ್ವನ ಜೊತೆ, ಅಂದರೆ ಅವ್ವನ ತಂಗಿಯ ಜೊತೆ, ನನಗೊಂದು ಹಳೆಯ ವಾದವಿತ್ತು. ಮಳೆಗಾಲದಲ್ಲಿ ಹತ್ತಿಯೊಳಗೆ ಕೂಗುವ ಬೂದು ಬೆನ್ನಿನ, ಗಿಡ್ಡ ಬಾಲದ ಪುಟ್ಟ ಹಕ್ಕಿ ಅವಳಿಗೆ ಬೂದಿಗುಬ್ಬಿ. ಚಳಿಗಾಲದಲ್ಲಿ ಜೋಳದಲ್ಲಿ ಕಾಣುವ ಕಂದು ಬೆನ್ನಿನ, ಉದ್ದ ಬಾಲದ್ದು ಜೋಳಗುಬ್ಬಿ. ಎರಡೂ ಗುಬ್ಬಿಯೇ ಅಲ್ಲ, ಉಲಿಯಕ್ಕಿಗಳ ಕುಲಕ್ಕೆ ಸೇರಿದ ಒಂದೇ ಹಕ್ಕಿ, ಕಾಲಕ್ಕೆ ತಕ್ಕಂತೆ ಗರಿ ಬದಲಿಸುತ್ತದೆ ಎಂದು ಪುಸ್ತಕ ಬಿಚ್ಚಿ ತೋರಿಸಿದೆ. ಮನುಷ್ಯರ ಕುಲ ಸಾಲದೆಂದು ಹಕ್ಕಿಗೂ ಹುಡುಕುತ್ತೀಯಾ ಎಂದು ನಕ್ಕಳು. ನನಗೆ ಮೈ ಉರಿಯಿತು.

ಗೂಡಿರುವ ಹತ್ತಿ ಗಿಡಕ್ಕೆ ಸಣ್ಣವ್ವ ಹಳೇ ಸೀರೆಯ ಚೂರು ಕಟ್ಟುತ್ತಿದ್ದಳು. ಔಷಧ ಹೊಡೆಯುವವರು ಆ ಗಿಡ ಬಿಟ್ಟು ಹೋಗಬೇಕು. ಅವಳ ಅತ್ತೆಯ ಕಾಲದಿಂದ ನಡೆದುಬಂದ ಪದ್ಧತಿ. ಹೋದ ವರ್ಷ ಮಳೆಗಾಲದ ಕೊನೆಗೆ ಅಂಥದೊಂದು ಗಿಡದಲ್ಲಿ, ಎಲೆ ಹೊಲಿದು ಮಾಡಿದ ಗೂಡಿನಲ್ಲಿ, ಮೂರು ಮರಿಗಳಿದ್ದವು. ತಾಯಿಹಕ್ಕಿಯನ್ನು ಬಲೆಯಲ್ಲಿ ಹಿಡಿದು, ಎಮ್ಮಿಗನೂರಿನ ಮಗ್ಗದವರಿಂದ ತಂದ ಕೆಂಪು ನೂಲನ್ನು ಅದರ ಕಾಲಿಗೆ ಕಟ್ಟಿದೆ. ಚಳಿಗಾಲಕ್ಕೆ ಅದೇ ನೂಲು ಕಂದು ಹಕ್ಕಿಯ ಕಾಲಲ್ಲಿ ಕಂಡರೆ ವಾದ ಮುಗಿಯಿತಲ್ಲ. ಸಣ್ಣವ್ವ ಬೇಡವೆಂದಳು. ಏನೂ ಆಗುವುದಿಲ್ಲ ಎಂದೆ. ದೂರಕ್ಕೆ ಕಾಣಲಿ ಎಂದು ನೂಲಿನ ತುದಿಯನ್ನು ಬೆರಳುದ್ದ ಹಾಗೇ ಬಿಟ್ಟಿದ್ದೆ. ಅಷ್ಟು ಓದಿದವನಿಗೆ ಅಷ್ಟೂ ಹೊಳೆಯಲಿಲ್ಲ.

ಮೂರನೇ ದಿನ ಅವಳ ಫೋನ್ ಬಂತು. ಹೋಗಿ ನೋಡಿದರೆ ನೂಲು ಟೊಂಗೆಗೆ ಸುತ್ತಿಕೊಂಡು ಹಕ್ಕಿ ತಲೆಕೆಳಗಾಗಿ ನೇತಾಡುತ್ತಿತ್ತು. ಗೂಡಿನಲ್ಲಿ ಸತ್ತ ಮರಿಗಳಿಗೆ ಇರುವೆ ಮುತ್ತಿದ್ದವು. ಸಣ್ಣವ್ವ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದಳು. ನಾನು ಹಕ್ಕಿಯನ್ನು ಬಿಡಿಸಿ ಅಂಗೈಯಲ್ಲಿಟ್ಟುಕೊಂಡು ಬೆನ್ನಿನ ಗರಿ ಸರಿಸಿ ನೋಡಿದೆ. ಬೂದು ಗರಿಗಳ ನಡುವೆ ಹೊಸ ಕಂದು ಗರಿಗಳು ಮೂಡುತ್ತಿದ್ದವು. ನಾನು ಹೇಳಿದ್ದೇ ನಿಜವಾಗಿತ್ತು. ಮೊದಲು ಬಂದದ್ದು ಸಂತೋಷ; ನಾಚಿಕೆ ಆಮೇಲೆ ಬಂತು.

"ನಗಾಕತ್ತೀಯಲ್ಲಪ್ಪಾ," ಎಂದಳು ಸಣ್ಣವ್ವ.

ಈ ವರ್ಷ ಹೋದಾಗ ಗೂಡುಗಳ ಬಗ್ಗೆ ಕೇಳಿದೆ.

"ಈ ಸಲ ಒಂದೂ ಕಟ್ಟಿಲ್ಲ ನೋಡು," ಎಂದು ರೊಟ್ಟಿ ಬಡಿಸಿದಳು.

ಮಧ್ಯಾಹ್ನ ಹೇಳದೆ ಹೊಲದ ಕಡೆ ನಡೆದೆ. ಯಾವ ಗಿಡದಲ್ಲೂ ಸೀರೆಯ ಚೂರು ಕಾಣಲಿಲ್ಲ. ಔಷಧ ಹೊಡೆಯುವವನ ಮುಂದೆ ಮುಂದೆ ಸಣ್ಣವ್ವ ನಡೆಯುತ್ತಿದ್ದಳು. ಒಂದು ಗಿಡದ ಹತ್ತಿರ ನಿಂತು, ಇದನ್ನು ಬಿಡು ಎಂದು ಕೈ ಅಡ್ಡ ಹಿಡಿದಳು. ಬದುವಿನ ಮೇಲೆ ನಾನು ನಿಂತದ್ದು ಕಂಡದ್ದೇ ಕೈ ಇಳಿಸಿ, ಇವತ್ತಿಗೆ ಸಾಕು, ಉಳಿದದ್ದು ನಾಳೆ ಎಂದು ಅವನನ್ನು ಕಳಿಸಿಬಿಟ್ಟಳು.