ಶುಕ್ರವಾರ ಹತ್ತೂವರೆಯ ಗೋಡೆ

ನಾನು ಕೆಲಸ ಮಾಡಿದ್ದು ಒಂದು ಸರ್ಕಾರಿ ಸಂಶೋಧನಾ ಸಂಸ್ಥೆಯಲ್ಲಿ. ಸಂಶೋಧನೆ ನನ್ನದಲ್ಲ. ಸಂಶೋಧನೆ ಮಾಡುವವರ ತಲೆಯ ಮೇಲಿನ ತಾರಸಿ ಸೋರದಂತೆ, ಪ್ರಯೋಗಾಲಯದ ನಲ್ಲಿಯಲ್ಲಿ ನೀರು ನಿಲ್ಲದಂತೆ, ಕಟ್ಟಡಕ್ಕೆಂದು ಬಂದ ಅನುದಾನ ಕಟ್ಟಡಕ್ಕೇ ಖರ್ಚಾಗುವಂತೆ ನೋಡಿಕೊಳ್ಳುವುದು ನನ್ನ ಪಾಲಿನ ಕೆಲಸ. ಎಂಜಿನಿಯರ್ ಆಗಿ ಸೇರಿ ಕಟ್ಟಡ ವಿಭಾಗದ ಮುಖ್ಯಸ್ಥೆಯಾಗಿ ನಿವೃತ್ತಳಾದೆ.

ಬೆಳೆದದ್ದು ಹಾಸ್ಟೆಲಿನಲ್ಲಿ. ಗಂಟೆ ಹೊಡೆದರೆ ಏಳಬೇಕು, ಗಂಟೆ ಹೊಡೆದರೆ ಉಣ್ಣಬೇಕು, ತಟ್ಟೆ ತೊಳೆದು ಬೋರಲು ಹಾಕುವುದಕ್ಕೂ ಒಂದು ಸಾಲು. ಜಯನಗರದ ಮನೆಯಲ್ಲಿ ಈಗಲೂ ಐದಕ್ಕೆ ಏಳುತ್ತೇನೆ, ಐದೂವರೆಗೆ ನಡೆಯಲು ಹೊರಡುತ್ತೇನೆ. ಈ ಶಿಸ್ತು ಕಚೇರಿಯಲ್ಲಿ ನನ್ನನ್ನು ಬಹಳ ಸಲ ಕಾಪಾಡಿದೆ. ಒಂದು ಸಲ ಮಾತ್ರ ಅದರಿಂದಲೇ ಒಬ್ಬರ ಐದು ವರ್ಷದ ಕಾಯುವಿಕೆ ಮಣ್ಣುಪಾಲಾಗುವುದರಲ್ಲಿತ್ತು. ಆಗಲಿಲ್ಲ. ಆ ಸಮಾಧಾನ ಇನ್ನೂ ಹೊಸದಾಗಿರುವಾಗಲೇ ಇದನ್ನು ಬರೆದಿಡುತ್ತಿದ್ದೇನೆ.

ನನ್ನ ಸೇವೆಯ ಕೊನೆಯ ವರ್ಷಗಳಲ್ಲಿ, ಕೋಣನಕುಂಟೆಯ ಹತ್ತಿರದ ನಮ್ಮ ಆವರಣದಲ್ಲಿ ಒಂದು ಹೊಸ ಪ್ರಯೋಗಾಲಯ ಕಟ್ಟಿದೆವು. ಅದು ಮುಖ್ಯವಾಗಿ ಒಬ್ಬ ವಿಜ್ಞಾನಿಗಾಗಿ. ರಾಗಿಯ ಬೇರಿಗೆ ಅಂಟಿಕೊಂಡು ಬದುಕುವ, ಕಣ್ಣಿಗೆ ಕಾಣದ ಜೀವಿಗಳನ್ನು ಅಭ್ಯಾಸ ಮಾಡುತ್ತಿದ್ದವರು. ಕುಮಾರಸ್ವಾಮಿ ಲೇಔಟಿನಿಂದ ಹಳೆಯ ಸ್ಕೂಟರಿನಲ್ಲಿ ಬರುತ್ತಿದ್ದ, ಮಾತು ಕಡಿಮೆಯ ಮನುಷ್ಯ. ಅವರಿಗೆ ಬೇಕಿದ್ದದ್ದು ಒಂದು ದೊಡ್ಡ ಎಲೆಕ್ಟ್ರಾನ್ ಸೂಕ್ಷ್ಮದರ್ಶಕ. ಅದಕ್ಕಾಗಿ ಅವರು ಅರ್ಜಿ ಹಾಕಿ, ಮತ್ತೆ ಹಾಕಿ, ಐದು ವರ್ಷ ಕಾದಿದ್ದರು.

ಸರ್ಕಾರಿ ಕೆಲಸದಲ್ಲಿ ಕಟ್ಟಡದ ಹಣ ಒಂದು ಬಾಬ್ತಿನಲ್ಲಿ ಬರುತ್ತದೆ, ಯಂತ್ರದ ಹಣ ಇನ್ನೊಂದು ಬಾಬ್ತಿನಲ್ಲಿ. ಕಡತಗಳೂ ಬೇರೆ, ಅವು ಹೋಗುವ ಮೇಜುಗಳೂ ಬೇರೆ. ಕಟ್ಟಡದ್ದು ನನ್ನ ಮೇಜು. ಪಕ್ಕದ ಮೇಜಿನ ಕಡತಕ್ಕೆ ಕೈ ಹಾಕಬಾರದು ಎಂಬುದು ನಾನೇ ಹತ್ತು ಜನಕ್ಕೆ ಕಲಿಸಿದ ಪಾಠ.

ನಕ್ಷೆ ತಯಾರಾಗುತ್ತಿದ್ದ ದಿನಗಳಲ್ಲಿ ಆ ವಿಜ್ಞಾನಿ ಒಂದು ಅರ್ಧ ಹಾಳೆ ಹಿಡಿದು ನನ್ನ ಕೋಣೆಗೆ ಬಂದಿದ್ದರು. ಪೆನ್ಸಿಲಿನಲ್ಲಿ ಏನೋ ಅಳತೆ ಬರೆದಿತ್ತು. ನಾನು ಅದನ್ನು ಓದಲಿಲ್ಲ. ಕೈಚೀಟಿ ತೆಗೆದುಕೊಳ್ಳುವುದಿಲ್ಲ, ಟಪಾಲು ವಿಭಾಗಕ್ಕೆ ಕೊಟ್ಟು ಮೊಹರು ಹಾಕಿಸಿ ಕಳಿಸಿ ಎಂದೆ. ಅವರು ಹಾಗೆಯೇ ಮಾಡಿದರು. ಟಪಾಲಿನ ಗುಮಾಸ್ತ ಚೀಟಿಯಲ್ಲಿ ‘ಯಂತ್ರ’ ಎಂಬ ಮಾತು ಕಂಡು ಅದನ್ನು ಯಂತ್ರದ ಕಡತಕ್ಕೆ ಸೇರಿಸಿದ. ಅವನದೂ ಸರಿಯೇ.

ಕಟ್ಟಡ ಎದ್ದಿತು. ಪ್ರತಿ ಶುಕ್ರವಾರ ಒಂಬತ್ತೂವರೆಗೆ ನಾನು ಅದನ್ನು ಸುತ್ತಲು ಹೋಗುತ್ತಿದ್ದೆ. ಕೈಯಲ್ಲಿ ಒಂದು ಬಿದಿರ ಕೋಲು. ಗೋಡೆಯ ಮೇಲೆ ಕೋಲಿನಿಂದ ತಟ್ಟುತ್ತ ಹೋದರೆ ಒಳಗಿನದು ಗಟ್ಟಿಯೋ ಟೊಳ್ಳೋ ಸದ್ದಿನಲ್ಲೇ ಗೊತ್ತಾಗುತ್ತದೆ. ಮುಂಬಾಗಿಲಿನಿಂದ ಶುರುಮಾಡಿ ಎಡಕ್ಕೆ ಹೊರಳಿ, ಹಿಂದಿನ ಅಂಗಳಕ್ಕೆ ತಾಗಿದ ದೊಡ್ಡ ಕೋಣೆಗೆ ಬರುವ ಹೊತ್ತಿಗೆ ಹತ್ತೂವರೆ. ಅದು ನನ್ನ ಚಹಾದ ಹೊತ್ತು. ಮೇಸ್ತ್ರಿ ಆ ಹೊತ್ತಿಗೆ ಸರಿಯಾಗಿ ಸ್ಟೀಲ್ ಲೋಟದಲ್ಲಿ ಚಹಾ ತಂದು ಕೊಡುತ್ತಿದ್ದ. ಗದಗಿನ ಕಡೆಯವನು, ಬಿಟಿಎಂನಲ್ಲಿ ಬಾಡಿಗೆ ಮನೆ ಮಾಡಿಕೊಂಡಿದ್ದ, ಐವತ್ತು ದಾಟಿದ ಅನುಭವಸ್ಥ. ನನ್ನನ್ನು ಎಲ್ಲರೂ ಮೇಡಂ ಎಂದರೆ ಅವನು ಮಾತ್ರ ಅಕ್ಕಾರ ಎನ್ನುತ್ತಿದ್ದ. ಗಡಿಯಾರಕ್ಕೆ ಬೆಲೆ ಕೊಡುವವನು ಒಬ್ಬನಾದರೂ ಇದ್ದಾನಲ್ಲ ಎಂದು ನಾನು ಮೆಚ್ಚಿಕೊಂಡಿದ್ದೆ. ನಿಂತು ಚಹಾ ಕುಡಿದು, ಲೋಟ ಕೊಟ್ಟು, ಮುಂದಿನ ಕೋಣೆಗೆ ಹೋಗುತ್ತಿದ್ದೆ.

ಕಟ್ಟಡ ಮುಗಿಯಿತು, ಮುಗಿದಿದೆ ಎಂದು ನಾನು ಸಹಿ ಹಾಕಿದೆ. ಅದಾಗಿ ಎರಡು ತಿಂಗಳಿಗೆ, ಫೆಬ್ರವರಿ ಕೊನೆಯಲ್ಲಿ, ಯಂತ್ರದ ಕಂಪನಿಯವರಿಂದ ಒಂದು ಪತ್ರ ಬಂತು. ಯಂತ್ರ ಚೆನ್ನೈ ಬಂದರಿಗೆ ಬಂದಿದೆ, ಇಳಿಸಲು ಕ್ರೇನ್ ಬೇಕು, ಪೆಟ್ಟಿಗೆಗಳ ಅಳತೆ ಹೀಗಿದೆ. ಕ್ರೇನಿನ ಏರ್ಪಾಡು ನನ್ನದಾದ್ದರಿಂದ ಅಳತೆ ಓದಿದೆ. ದೊಡ್ಡ ಪೆಟ್ಟಿಗೆಯ ಅಗಲ ಆರಡಿ. ಹೊರಗೆ ಬಿಚ್ಚುವಂತಿಲ್ಲ, ಓರೆ ಮಾಡುವಂತಿಲ್ಲ, ಕೋಣೆಯೊಳಗೆ ಹೋದ ಮೇಲೆಯೇ ಬಿಚ್ಚಬೇಕು.

ನಾನು ಇಡಿಸಿದ್ದ ಬಾಗಿಲು ನಾಲ್ಕಡಿ.

ಯಂತ್ರದ ಕಡತ ತರಿಸಿಕೊಂಡು ನೋಡಿದೆ. ಒಳಗೆ ಆ ಅರ್ಧ ಹಾಳೆ ಇತ್ತು. ‘ಬಾಗಿಲು ಆರೂವರೆ ಅಡಿ ಇದ್ದರೆ ಒಳ್ಳೆಯದು.’ ಪಕ್ಕದಲ್ಲಿ ನಾನು ಹೇಳಿ ಹಾಕಿಸಿದ ಮೊಹರು, ಒಂದಿಷ್ಟೂ ಮಾಸಿರಲಿಲ್ಲ.

ವಿಜ್ಞಾನಿಯ ಕೋಣೆಗೆ ನಾನೇ ನಡೆದುಕೊಂಡು ಹೋಗಿ ಹೇಳಿದೆ. ಅವರು ಬೈಯಲಿಲ್ಲ. ಕನ್ನಡಕ ತೆಗೆದು ಒರೆಸಿಕೊಂಡರು. ಹಣ ಕೊಟ್ಟ ಮಂಡಳಿಯ ಪತ್ರ ಅವರ ಮೇಜಿನ ಗಾಜಿನ ಕೆಳಗೇ ಇತ್ತು. ಮಾರ್ಚ್ ಮುಗಿಯುವುದರೊಳಗೆ ಯಂತ್ರ ಕೋಣೆಯೊಳಗೆ ನಿಂತು ಕೆಲಸ ಶುರುಮಾಡಬೇಕು, ಇಲ್ಲದಿದ್ದರೆ ಸಾಲಿನಲ್ಲಿ ಕಾಯುತ್ತಿರುವ ಇನ್ನೊಂದು ಊರಿನ ಕೇಂದ್ರಕ್ಕೆ ಕಳಿಸಲಾಗುವುದು. ಅವರ ಇಬ್ಬರು ವಿದ್ಯಾರ್ಥಿನಿಯರು ಆ ಯಂತ್ರವನ್ನೇ ನಂಬಿ ಪಿಎಚ್.ಡಿ.ಗೆ ಸೇರಿದ್ದರು.

“ಅವತ್ತು ನಾನೇ ಸ್ವಲ್ಪ ಜೋರಾಗಿ ಹೇಳ್ಬೇಕಿತ್ತು ಮೇಡಂ” ಎಂದರು.

ಬೈದಿದ್ದರೆ ಚೆನ್ನಾಗಿತ್ತು.

ಗೋಡೆ ಒಡೆಯುವುದು ದೊಡ್ಡ ವಿಷಯವಲ್ಲ. ಕಟ್ಟಡದ ಭಾರ ಹೊರುವುದು ಕಂಬ ಮತ್ತು ತೊಲೆ. ನಡುವಿನ ಗೋಡೆ ಬರೀ ಮರೆ. ಆದರೆ ಮುಗಿಯಿತೆಂದು ಸಹಿಯಾದ ಕಟ್ಟಡದ ಗೋಡೆ ಒಡೆದರೆ ಅದು ಹೊಸ ಕಾಮಗಾರಿ. ಅದಕ್ಕೆ ಕಟ್ಟಡ ಸಮಿತಿಯ ಒಪ್ಪಿಗೆ ಬೇಕು, ಸಮಿತಿ ಮೂರು ತಿಂಗಳಿಗೊಮ್ಮೆ ಸೇರುತ್ತದೆ, ಹಿಂದಿನ ವಾರವಷ್ಟೇ ಸೇರಿತ್ತು. ಸಿಮೆಂಟಿನ ಗೋಡೆ ಒಡೆದರೆ ಏಳುವ ಧೂಳು ಆ ಕೋಣೆಗೆ ಹಾಕಿದ್ದ ವಿಶೇಷ ನೆಲವನ್ನೂ ಗಾಳಿ ಸೋಸುವ ಯಂತ್ರವನ್ನೂ ಹಾಳುಮಾಡುತ್ತದೆ. ಅವನ್ನು ಸರಿಪಡಿಸಲು ಇನ್ನೊಂದು ತಿಂಗಳು. ಹೇಗೆ ಲೆಕ್ಕ ಹಾಕಿದರೂ ಮಾರ್ಚ್ ಸಾಲದು.

ಮರುದಿನ ಶುಕ್ರವಾರ. ಸುತ್ತುವ ಅಗತ್ಯವಿಲ್ಲದಿದ್ದರೂ ಒಂಬತ್ತೂವರೆಗೆ ಕೋಲು ಹಿಡಿದು ಹೋದೆ. ಮೇಸ್ತ್ರಿ ಹೊಸ್ತಿಲಿನ ಬಿರುಕು ಮುಚ್ಚುತ್ತ ಕೂತಿದ್ದ. ಕಟ್ಟಡ ಮುಗಿದ ಮೇಲೂ ಒಂದು ವರ್ಷ ಇಂಥ ದುರಸ್ತಿಯೆಲ್ಲ ಗುತ್ತಿಗೆದಾರರ ಹೊಣೆ. ಕೋಲು ಯಾಕೆ ಸುಮ್ಮನೆ ಹಿಡಿದುಕೊಂಡಿದ್ದೀರಿ, ಗೋಡೆ ತಟ್ಟುವುದಿಲ್ಲವೇ ಎಂದು ಕೇಳಿದ. ಕೆಲಸಗಾರರ ಎದುರು ಕಚೇರಿಯ ಕಷ್ಟ ಹೇಳಿಕೊಳ್ಳುವ ಅಭ್ಯಾಸ ನನಗಿಲ್ಲ. ಆ ದಿನ ಹೇಳಿಬಿಟ್ಟೆ. ಪೆಟ್ಟಿಗೆ ಆರಡಿ, ಬಾಗಿಲು ನಾಲ್ಕಡಿ ಎಂದೆ.

ಅವನು ಕರಣೆ ಕೆಳಗಿಟ್ಟ. ಬಕೆಟ್ಟಿನಲ್ಲಿ ಕೈ ತೊಳೆದುಕೊಂಡ. ಎದ್ದು ನಿಂತ.

“ಅಕ್ಕಾರ, ಒಂದ್ ಮಾತ್ ಹೇಳ್ತೀನ್ರಿ. ಸಿಟ್ಟಾಗಬ್ಯಾಡ್ರಿ. ಆ ಹಿಂದಿನ ಕ್ವಾಣಿ ಗ್ವಾಡಿ ಐತಲ್ರಿ, ಅದು ಮಣ್ಣಿಂದ್ರಿ.”

ನನಗೆ ಅರ್ಥವಾಗಲಿಲ್ಲ.

“ಇಟ್ಟಂಗಿ ಕುಂದರ್ಸಿದ್ದು ಮಣ್ಣಾಗರಿ. ಮ್ಯಾಲ ಗಿಲಾವ್ ಅಷ್ಟ ಸಿಮೆಂಟಿಂದು. ಕಂಬದಿಂದ ಕಂಬಕ್ಕ ಎಂಟಡಿ. ಇಂಥಾ ಲ್ಯಾಬ್ ಈಗಾಗ್ಲೇ ಏಳ್ ಕಟ್ಟೀನ್ರಿ. ಏಳಕ್ಕೂ ಮಿಷನ್ ಗ್ವಾಡಿ ಮುಗದ ಮ್ಯಾಲೇ ಬಂದೈತ್ರಿ. ಒಡ್ಯಾವ್ರೂ ನಾವ, ಮತ್ತ್ ಕಟ್ಟಾವ್ರೂ ನಾವ. ಅದಕ್ಕ ಈ ಸಲ ದಾರಿ ಬಿಟ್ಟೀನ್ರಿ.”

ಸಿಟ್ಟು ಬಂತು. ಮೊದಲು ಬಂದದ್ದು ಸಿಟ್ಟೇ. ನಕ್ಷೆಯಲ್ಲಿ ಸಿಮೆಂಟ್ ಗಾರೆ ಎಂದು ಬರೆದಿರುವಾಗ ನನ್ನ ಕಣ್ಣೆದುರಿಗೇ ಮಣ್ಣು ಹಾಕಿದೆಯಾ ಎಂದು ಕೇಳಿದೆ.

“ಕಣ್ಣೆದುರಿಗೆ ಅಲ್ರಿ” ಎಂದ. “ನೀವು ಚಾ ಕುಡಿಯೂಮುಂದ.”

ಇಟ್ಟಿಗೆ ಕಟ್ಟಿ ಮೇಲೆ ಗಿಲಾವು, ಎಂದರೆ ಪ್ಲಾಸ್ಟರ್, ಬಳಿದು ಮುಗಿಸಿದ್ದು ಎರಡು ಶುಕ್ರವಾರಗಳ ನಡುವೆಯಂತೆ. ಪ್ರತಿ ಶುಕ್ರವಾರ ನಾನು ಆ ಗೋಡೆಯ ಮುಂದೆ ಬರುತ್ತಿದ್ದದ್ದು ಹತ್ತೂವರೆಗೆ. ಲೋಟ ಹಿಡಿಯಲು ಕೋಲನ್ನು ಕಂಕುಳಿಗೆ ಸಿಕ್ಕಿಸಿಕೊಳ್ಳುತ್ತಿದ್ದೆ. ಕುಡಿದಾದ ಮೇಲೆ ಮುಂದಿನ ಕೋಣೆ. ಇಡೀ ಕಟ್ಟಡದಲ್ಲಿ ನನ್ನ ಕೋಲು ಮುಟ್ಟದ ಗೋಡೆ ಅದೊಂದೇ. ನಾನು ಹತ್ತು ನಿಮಿಷ ಹಿಂದೆಮುಂದೆ ಆಗುವವಳಾಗಿದ್ದರೆ ಅವನಿಗೆ ಅದು ಸಾಧ್ಯವಾಗುತ್ತಿರಲಿಲ್ಲ.

“ಒಂದ್ ಸಲ ಚಾ ತಡಾ ಆಗಿತ್ತರಿ. ನೀವು ಕೋಲ್ ಎತ್ತಿದ್ರಿ. ನನ್ನ ಎದಿ ಡವಡವ ಅಂದ್ಬಿಡ್ತು.”

ಗೋಡೆಯ ಬಳಿ ಹೋಗಿ ತಟ್ಟಿದೆ. ಸದ್ದು ಮಂದವಾಗಿತ್ತು, ತುಂಬಿದ ಮೂಟೆಗೆ ಹೊಡೆದ ಹಾಗೆ. ಮೊಳೆಯಿಂದ ಮೂಲೆಯಲ್ಲಿ ಕೆರೆದೆವು. ಗಿಲಾವಿನ ಹಿಂದೆ ಕೆಮ್ಮಣ್ಣು. ಬೇಗೂರಿನ ಕಡೆಯಿಂದ ತಂದು ಜರಡಿ ಹಿಡಿದದ್ದಂತೆ. ಇಷ್ಟು ಕೆಟ್ಟ ಕೆಲಸವನ್ನು ಇಷ್ಟು ನೀಟಾಗಿ ಮಾಡಿದ್ದನ್ನು ನಾನು ಅಲ್ಲಿಯವರೆಗೆ ನೋಡಿರಲಿಲ್ಲ.

ಆಗ ಹೊಳೆಯಿತು. ಒಳ್ಳೆಯ ಗೋಡೆ ಒಡೆಯಲು ಸಮಿತಿ ಬೇಕು. ಕೆಟ್ಟ ಗೋಡೆ ಒಡೆಸಿ ಮತ್ತೆ ಕಟ್ಟಿಸಲು ಬೇಕಾದದ್ದು ಗುತ್ತಿಗೆದಾರರಿಗೆ ನನ್ನ ಒಂದು ಪತ್ರ, ಅದರ ಮೇಲೆ ನಿರ್ದೇಶಕರ ಸಹಿ. ವರ್ಷ ಇನ್ನೂ ಮುಗಿದಿರಲಿಲ್ಲ.

ಪತ್ರದಲ್ಲಿ ನಿನ್ನ ತಪ್ಪೆಂದೇ ಬರೆಯಬೇಕಾಗುತ್ತದೆ ಎಂದು ಮೇಸ್ತ್ರಿಗೆ ಹೇಳಿದೆ.

“ಬರೀರಿ. ತಪ್ಪ ಐತಲ್ರಿ” ಎಂದ.

ಇದ್ದದ್ದನ್ನು ಇದ್ದಂತೆ ಬರೆದೆ. ಹಿಂದಿನ ಗೋಡೆಗೆ ಮಣ್ಣು ಬಳಸಲಾಗಿದೆ, ನಕ್ಷೆಗೆ ವಿರುದ್ಧ, ಕೂಡಲೇ ತೆಗೆದು ಕಟ್ಟತಕ್ಕದ್ದು. ಎರಡನೆಯ ಪ್ಯಾರಾದಲ್ಲಿ, ಬಾಗಿಲಿನ ಅಳತೆಯ ಚೀಟಿಯನ್ನು ಓದದೆ ಹಿಂದಕ್ಕೆ ಕಳಿಸಿದ್ದು ನಾನು, ಗೋಡೆ ತೆರೆದಿರುವಾಗಲೇ ಯಂತ್ರ ಒಳಗೆ ತರುವುದು ಒಳ್ಳೆಯದು ಎಂದು ಬರೆದೆ. ನಿರ್ದೇಶಕರು ಓದಿ, ಎರಡನೆಯ ಪ್ಯಾರಾದ ಮೊದಲರ್ಧ ಬೇಕೇ ಎಂದು ಕೇಳಿದರು. ಇರಲಿ ಸಾರ್, ತಪ್ಪಿನ ಸಾಲಿನಲ್ಲಿ ನನ್ನದೂ ನಿಲ್ಲಬೇಕು ಎಂದೆ. ಸಹಿ ಹಾಕಿದರು.

ಗುತ್ತಿಗೆದಾರರು ಕೋಣನಕುಂಟೆಯ ಹಳೆಯ ಕುಟುಂಬದವರು. ಕಟ್ಟಡ ನಿಂತ ಜಾಗದಲ್ಲಿ ಅವರ ತಾತ ರಾಗಿ ಬೆಳೆಯುತ್ತಿದ್ದರಂತೆ. ಪತ್ರ ಓದಿ ಮೇಸ್ತ್ರಿಗೆ ನನ್ನೆದುರೇ ಜೋರಾಗಿ ಬೈದರು. ಬೈದು ಮುಗಿಸಿ ನನ್ನ ಕಡೆ ತಿರುಗಿದರು.

“ಬೈದಾಯ್ತು ಅಂತ ಫೈಲಲ್ಲಿ ಬರ್ಕೊಂಡ್ಬಿಡಿ ಮೇಡಂ. ಇವನನ್ನ ಬಿಟ್ರೆ ನಂಗೆ ಯಾರು ಗೋಡೆ ಕಟ್ತಾರೆ?”

ಮೇಸ್ತ್ರಿಯ ಕೂಲಿ ಹಿಡಿಯುವುದಿಲ್ಲವೆಂದು ಅವರ ಬಾಯಿಂದ ಹೇಳಿಸಿಕೊಂಡೇ ನಾನು ಅಲ್ಲಿಂದ ಹೊರಟೆ.

ಗೋಡೆ ತೆಗೆಯಲು ಒಂದು ಮಧ್ಯಾಹ್ನ ಸಾಕಾಯಿತು. ಒಳಗಡೆಗೆ ಒದ್ದೆ ಗೋಣಿತಾಟಿನ ಪರದೆ ಕಟ್ಟಿ, ಗಿಲಾವನ್ನು ರೊಟ್ಟಿಯ ಹಾಗೆ ಎಬ್ಬಿಸಿ ತೆಗೆದರು. ಇಟ್ಟಿಗೆಗಳು ಕಪಾಟಿನಿಂದ ಪುಸ್ತಕ ತೆಗೆದಂತೆ ಒಂದೊಂದಾಗಿ ಬಂದವು. ಒಂದೂ ಒಡೆಯಲಿಲ್ಲ. ಸುತ್ತಿಗೆಯ ಸದ್ದೇ ಇಲ್ಲ.

ಯಂತ್ರ ಬಂದ ದಿನ ವಿಜ್ಞಾನಿ ಬೆಳಗ್ಗೆ ಏಳಕ್ಕೇ ಬಂದು ಅಂಗಳದಲ್ಲಿ ನಿಂತಿದ್ದರು. ಕ್ರೇನ್ ಪೆಟ್ಟಿಗೆಯನ್ನು ಇಳಿಸಿತು. ಎಂಟಡಿಯ ಕಂಡಿ, ಆರಡಿಯ ಪೆಟ್ಟಿಗೆ. ಕಬ್ಬಿಣದ ಉರುಳೆಗಳ ಮೇಲೆ ತಳ್ಳುತ್ತ ಅಂಗುಲ ಅಂಗುಲವಾಗಿ ಒಳಗೆ ತಂದರು. ಒಳಗೆ ಹೋಗುವ ಮೊದಲು ವಿಜ್ಞಾನಿ ಚಪ್ಪಲಿ ಬಿಟ್ಟರು. ಯಾರೂ ಹೇಳಿರಲಿಲ್ಲ. ಪೆಟ್ಟಿಗೆಯ ಹಿಂದಿನ ಅಂಚು ಗೋಡೆಯ ಗೆರೆ ದಾಟಿದಾಗ ನನ್ನ ಕೋಲು ಕೈಯಿಂದ ಜಾರಿ ಬಿತ್ತು. ಅದನ್ನು ಹಿಡಿದುಕೊಂಡೇ ಇದ್ದೆ ಎಂಬುದು ಆಗಲೇ ಗೊತ್ತಾದದ್ದು. ಆ ದಿನ ಮನೆಗೆ ಹೋಗಿ ಮಧ್ಯಾಹ್ನ ಮಲಗಿದೆ. ಹಾಸ್ಟೆಲ್ ಸೇರಿದ ಮೇಲೆ ಜ್ವರವಿಲ್ಲದೆ ಹಗಲು ಮಲಗಿದ್ದು ಅದೇ ಮೊದಲು.

ಗೋಡೆ ಮತ್ತೆ ಕಟ್ಟುವ ಮುಂಚೆ ಮೇಸ್ತ್ರಿ ಬಂದು ಕೇಳಿದ, ಈ ಸಲ ಸಿಮೆಂಟೇ ಹಾಕಲೇ ಎಂದು. ಅವನ ಪ್ರಶ್ನೆ ನನಗೆ ಅರ್ಥವಾಯಿತು. ಒಳಗೆ ಹೋದ ಯಂತ್ರ ಹತ್ತು ಹದಿನೈದು ವರ್ಷಕ್ಕೆ ಹೊರಗೂ ಬರಬೇಕು, ಅದರ ಜಾಗಕ್ಕೆ ಇನ್ನೊಂದು ಹೋಗಬೇಕು. ಆ ಹೊತ್ತಿಗೆ ನಾನೂ ಇರುವುದಿಲ್ಲ, ಅವನೂ ಇರುವುದಿಲ್ಲ. ನಕ್ಷೆ ತರಿಸಿದೆ. ಹಿಂದಿನ ಗೋಡೆಯ ಮೇಲೆ ಕೆಂಪು ಶಾಯಿಯಲ್ಲಿ ಎಂಟಡಿಯ ಚುಕ್ಕೆ ಗೆರೆ ಎಳೆದು, ‘ಯಂತ್ರದ ದಾರಿ, ಮಣ್ಣಿನ ಗಾರೆ, ಬೇಕಾದಾಗ ತೆಗೆಯತಕ್ಕದ್ದು’ ಎಂದು ಬರೆದು ಸಹಿ ಹಾಕಿದೆ. ಮುಂದಿನ ಸಮಿತಿ ಅದನ್ನು ಒಪ್ಪುವವರೆಗೆ ಆ ಕಂಡಿಗೆ ಹಲಗೆ ಬಡಿದು ಪ್ಲಾಸ್ಟಿಕ್ ಹೊದಿಸಿಟ್ಟೆವು. ಸಮಿತಿ ಒಪ್ಪಿತು. ಈಗ ಆ ಗೋಡೆ ನಕ್ಷೆಗೆ ಸರಿಯಾಗಿಯೇ ಇದೆ.

ಮಾರ್ಚ್ ಮುಗಿಯಲು ನಾಲ್ಕು ದಿನ ಇರುವಾಗ ವಿಜ್ಞಾನಿ ನನ್ನ ಕೋಣೆಗೆ ಬಂದರು. ಕೈಯಲ್ಲಿ ಒಂದು ಹಾಳೆ. ರಾಗಿಯ ಬೇರಿನ ಒಂದು ಎಳೆ, ಹಗ್ಗದಷ್ಟು ದಪ್ಪವಾಗಿ ಕಾಣುತ್ತಿತ್ತು. ಅದರ ಮೇಲೆ ಸಣ್ಣ ಸಣ್ಣ ಮಣಿಗಳು ಸಾಲಾಗಿ ಕೂತಿದ್ದವು. ಟಪಾಲಿನಲ್ಲಿ ಕಳಿಸಲೇ ಮೇಡಂ ಎಂದು ಕೇಳಿದರು. ಅವರು ತಮಾಷೆ ಮಾಡಿದ್ದನ್ನು ನಾನು ಅದೊಂದೇ ಸಲ ಕೇಳಿದ್ದು.

ಕೈ ಚಾಚಿ ತೆಗೆದುಕೊಂಡೆ.